ಸೆಟವಿಯ ಕಾಗದ

ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅಂಜುತ್ತಿರಲಿಲ್ಲ. ಅಂಜಿಕೆ ಬೇಕಾದಷ್ಟಿತ್ತು, ಆದರೆ ಹೆಸರು ಹಿಡಿದು ಕರೆದರೆ ಎಲ್ಲಿ ಎದ್ದು ಬಂದೀತೋ ಎಂದು ಎಲ್ಲರೂ ಸುಮ್ಮನಿರುತ್ತಿದ್ದರು. ತಿಕೋಟಾದ ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಯ, ಕಿಟಕಿಯೇ ಇಲ್ಲದ ಮನೆ. ಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಜಾಗ, ಬಲಕ್ಕೆ ಪಡಸಾಲೆ, ಅದರಾಚೆ ನಡುಮನೆ, ಕೊನೆಗೆ ಅಡುಗೆಮನೆ. ನಡುಮನೆಯ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ಅದರಿಂದ ಬೀಳುವ ಬಿಸಿಲು ಗೋಡೆಯ ಬುಡದಿಂದ ಬೀಸುವ ಕಲ್ಲಿನವರೆಗೆ ಸರಿಯುವುದರೊಳಗೆ ಅರ್ಧ ದಿನ ಕಳೆದಿರುತ್ತಿತ್ತು. ಅಪ್ಪ ಮಮದಾಪುರದಲ್ಲಿ ಸಾಲಿ ಮಾಸ್ತರ. ಸೋಮವಾರ ಬೆಳಗಿನ ಬಸ್ಸಿಗೆ ವಿಜಾಪುರಕ್ಕೆ, ಅಲ್ಲಿಂದ ಬಬಲೇಶ್ವರಕ್ಕೆ, ಅಲ್ಲಿಂದ ಸಿಕ್ಕಿದ್ದರಲ್ಲಿ ಮಮದಾಪುರಕ್ಕೆ ಹೋದರೆ ಮತ್ತೆ ಮನೆ ಕಾಣುವುದು ಶನಿವಾರ ಸಂಜೆ. ಹಾಗಾಗಿ ಉಳಿದ ದಿನವೆಲ್ಲ ಅದು ಹೆಂಗಸರ ಮನೆ. ಅವ್ವ, ಅಪ್ಪನ ತಾಯಿಯಾದ ಆಯಿ, ಮತ್ತೆ ನಾನು. ನನ್ನ ಹಿಂದೆ ಅವ್ವನಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿದ್ದರು. ಒಬ್ಬ ಒಂಬತ್ತನೆಯ ದಿನಕ್ಕೆ ಹೋದ, ಇನ್ನೊಬ್ಬ ಕೂಡ್ರಲು ಕಲಿಯುವಾಗ ಹೋದ. ಅವರ ಮಾತು ಯಾರೂ ಎತ್ತುತ್ತಿರಲಿಲ್ಲ. ತೊಟ್ಟಿಲನ್ನು ಮಾತ್ರ ಬಿಚ್ಚಿರಲಿಲ್ಲ. ಮೇಲಕ್ಕೆ ಎಳೆದು ತೊಲೆಗೆ ಕಟ್ಟಿದ್ದರು. ನನ್ನ ಹಾಸಿಗೆ ಅದರ ಕೆಳಗೇ. ಅದು ಕಾಣಬಾರದೆಂದು ನಾನು ಬೋರಲು ಮಲಗುತ್ತಿದ್ದೆ.

ಸೋಮವಾರ ಮತ್ತು ಗುರುವಾರ ಆಯಿ ನೆಲ ಸಾರಿಸುತ್ತಿದ್ದಳು. ಕುಕ್ಕರುಗಾಲಿನಲ್ಲಿ ಕೂತು ಹಿಂದಕ್ಕೆ ಸರಿಯುತ್ತ, ಸಗಣಿ ನೀರಿನಲ್ಲಿ ಅದ್ದಿದ ಕೈಯನ್ನು ಎಡದಿಂದ ಬಲಕ್ಕೆ ಬೀಸುತ್ತ ನಡುಮನೆಯನ್ನೆಲ್ಲ ಮುಗಿಸಿ ಬೀಸುವ ಕಲ್ಲಿನ ಹತ್ತಿರ ಬಂದು ನಿಲ್ಲುವಳು. ಅಲ್ಲಿ ಏಳುತ್ತಿರಲಿಲ್ಲ. ಕೊನೆಯ ಒಂದು ಮೊಳ ಹಸಿ ನೆಲದ ಮೇಲೆ ಬೆರಳಿಟ್ಟು ಗೆರೆ ಎಳೆಯಲು ಶುರುಮಾಡುವಳು. ರಂಗೋಲಿ ಅಲ್ಲ ಅದು. ಚುಕ್ಕಿ ಇಲ್ಲ, ಹೂವಿಲ್ಲ, ಬಳ್ಳಿ ಇಲ್ಲ. ಗೆರೆ ಹೋಗುವುದು, ತಿರುಗುವುದು, ತನ್ನ ಮೇಲೇ ಹಾದು ಮತ್ತೆ ಹೋಗುವುದು. ಆಯಿಯ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಮುಂಜಾನೆಯಿಂದ ಬಿಗಿದುಕೊಂಡಿದ್ದ ಮುಖ ನಾನು ನೋಡನೋಡುತ್ತಲೇ ಸಡಿಲಾಗುತ್ತಿತ್ತು. ಆಮೇಲೆ ಅಂಗೈಯಿಂದ ಅದನ್ನೆಲ್ಲ ಒರೆಸಿ ಎದ್ದು ಹೋಗುವಳು. ಒಂದು ದಿನ ಇದೇನೆಂದು ಕೇಳಿದೆ. ಆಯಿ ನನ್ನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ನನ್ನ ಬೆರಳು ಹಿಡಿದು ನೆಲಕ್ಕಿಟ್ಟಳು.

"ಎದಿ ಡವಡವ ಅಂದಾಗ ಬೆರಳ ನೆಲಕ್ಕ ಇಡು. ಎತ್ತ ಹೋಗ್ತೈತಿ ಅತ್ತ ಹೋಗ್ಲಿ ಬಿಡು, ನೀ ಏನೂ ಮಾಡಬ್ಯಾಡ. ಕೈ ಒಂದ ಎತ್ತಬ್ಯಾಡ."

"ಎತ್ತಿದ್ರ ಏನಾಕ್ಕೈತಿ, ಆಯಿ?"

"ಏನೂ ಆಗಂಗಿಲ್ಲ. ಎದಿ ಮತ್ತ ಡವಡವ ಅಂತೈತಿ, ಅಷ್ಟ."

ಮೊನ್ನೆ ವಿಜಾಪುರದ ನಮ್ಮ ಓಣಿಯ ಹುಡುಗಿಯೊಬ್ಬಳು ಯಾವುದೋ ತರಗತಿಗೆ ಹೋಗಿಬಂದು, ಪೆನ್ನು ಎತ್ತದೆ ಗೆರೆ ಎಳೆಯುತ್ತ ಹೋದರೆ ಮನಸ್ಸು ಹಗುರಾಗುತ್ತದೆ, ರಕ್ತದೊತ್ತಡಕ್ಕೂ ಒಳ್ಳೆಯದು ಅಜ್ಜಿ ಎಂದು ನನಗೆ ಕಲಿಸಲು ಕೂತಳು. ಫೀ ಕೊಟ್ಟು ಕಲಿತಿದ್ದಳು, ಪಾಪ. ಸುಮ್ಮನೆ ಕೇಳಿಸಿಕೊಂಡೆ. ನನಗೆ ಇದನ್ನು ಕಲಿಸಿದವಳ ಕೈ ಮೊಣಕೈವರೆಗೆ ಸಗಣಿಯಾಗಿತ್ತು ಎಂದಿದ್ದರೆ ಮೂಗು ಮುರಿಯುತ್ತಿದ್ದಳು. ಅದೇ ಗೆರೆಯಿಂದ ನನ್ನ ಏಳು ವರ್ಷದ ನಿದ್ದೆ ಹಾಳಾಯಿತು ಎಂದರೆ ನಂಬುತ್ತಲೂ ಇರಲಿಲ್ಲ.

ನನಗೆ ಎಂಟು ನಡೆಯುತ್ತಿದ್ದಾಗ ಅವ್ವ ಮತ್ತೆ ಬಸುರಾದಳು. ಮನೆಯ ದನಿ ಇನ್ನಷ್ಟು ಇಳಿಯಿತು. ಅವ್ವ ರೊಟ್ಟಿ ಬಡಿಯುವ ಸದ್ದು ಸಹ ಮೆತ್ತಗಾಯಿತು. ಅಪ್ಪ ಶನಿವಾರ ಬಂದವನು ಹೇಗಿದ್ದೀ ಎಂದು ಅವ್ವನನ್ನು ಕೇಳುತ್ತಿರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ ಹೋಗುತ್ತಿದ್ದ. ಕೂಸು ಹುಟ್ಟಿತು, ಗಂಡು. ಯಾರೂ ಖುಷಿಪಡುವ ಧೈರ್ಯ ಮಾಡಲಿಲ್ಲ. ಆಯಿ ಅವನನ್ನು ಕಾಳು ಕೇರುವ ಮೊರದಲ್ಲಿ ಮಲಗಿಸಿ ಹಿತ್ತಲಿನ ತಿಪ್ಪೆಯ ಮೇಲಿಟ್ಟು, ಬೇಡದ್ದನ್ನು ಎತ್ತಿಕೊಂಡು ಬಂದವಳ ಹಾಗೆ ಮತ್ತೆ ಒಳಗೆ ತಂದಳು. ದೇವರ ಕಣ್ಣಿಗೆ ಬೀಳಬಾರದೆಂದು ಹಾಗೆ ಮಾಡುವುದು. ಹೆಸರೂ ಅದಕ್ಕೇ ತಿಪ್ಪಣ್ಣ. ಅವ್ವ ಮತ್ತು ಕೂಸು ನಡುಮನೆಯ ಮೂಲೆಯಲ್ಲಿ, ಕೌದಿಯನ್ನು ಪರದೆಯಾಗಿ ಕಟ್ಟಿದ ಜಾಗದಲ್ಲಿ ಮಲಗಿದರು. ನಾನು ಪರದೆಯ ಹೊರಗೆ ಕೂತು ಒಳಗಿನ ಉಸಿರು ಕೇಳುತ್ತಿದ್ದೆ.

ಐದನೆಯ ದಿನ ಸೆಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಆಕೆ ಬರೆಯಲೆಂದು ಪೂಜೆ ಮಾಡಿ, ಕೂಸಿನ ತಲೆಯ ಹತ್ತಿರ ಬಿಳಿ ಕಾಗದ, ಅದ್ದಿ ಬರೆಯುವ ಟಾಕು, ಮಸಿಯ ದೌತಿ ಇಡಬೇಕು. ಬೆಳಗಾಗುವವರೆಗೆ ದೀಪ ಆರಬಾರದು. ಬೆಳಗಾದ ಮೇಲೆ ಆ ಕಾಗದವನ್ನು ಯಾರೂ ನೋಡಕೂಡದು. ನೋಡದೆ ಮಡಚಿ, ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟುಬಿಡಬೇಕು. ಗೂಡಿನಲ್ಲಿ ನನ್ನದೊಂದು ಗಂಟು ಇತ್ತು. ಹೋದ ಇಬ್ಬರ ಗಂಟುಗಳನ್ನು ಆಯಿ ಡೋಣಿ ಹೊಳೆಗೆ ಬಿಟ್ಟು ಬಂದಿದ್ದಳು. ರಜೆ ಹಾಕಿ ಬಂದಿದ್ದ ಅಪ್ಪ ಇದಕ್ಕೆಲ್ಲ ನಗುವವನು. ನಕ್ಕ ಕೂಡ. ಆದರೆ ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ತಿರುವಿ ಹಾಕಿ, ಒಂದು ಕಲೆಯೂ ಇಲ್ಲದ ಹಾಳೆ ಆರಿಸಿ ಆಯಿಯ ಕೈಗೆ ಕೊಟ್ಟ. ಟಾಕಿಗೆ ಹೊಸ ಮೊನೆ ಹಾಕಿದ.

ಬೆಳಗಿನ ಜಾವ ಅವ್ವನಿಗೆ ಹಿತ್ತಲಿಗೆ ಹೋಗಬೇಕಾಯಿತು. ಆಯಿ ಅವಳ ತೋಳು ಹಿಡಿದುಕೊಂಡಳು. ಹೋಗುವಾಗ ಅವ್ವ ನನ್ನನ್ನು ಎಬ್ಬಿಸಿ ಪರದೆಯ ಒಳಗೆ ಕೂಡ್ರಿಸಿ, ದೀಪದ ಮೇಲೂ ತಮ್ಮನ ಮೇಲೂ ಕಣ್ಣಿಡು ಎಂದಳು. ನಾನು ಕೂತೆ. ತಮ್ಮ ಅಳಲಿಲ್ಲ, ಅಲುಗಾಡಲಿಲ್ಲ. ಅವನ ಎದೆ ಏಳುತ್ತಿದೆಯೋ ಇಲ್ಲವೋ ಆ ಬೆಳಕಿನಲ್ಲಿ ತಿಳಿಯಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದೆ, ನನ್ನ ಕೈಯೇ ಮರಗಟ್ಟಿತ್ತು. ಕರೆದರೆ ಹಿತ್ತಲಿಗೆ ಕೇಳುವಂತಿರಲಿಲ್ಲ. ಎದೆ ಬಡಿದುಕೊಳ್ಳುವುದು ನನಗೇ ಕೇಳಿಸುತ್ತಿತ್ತು. ಆಯಿ ಹೇಳಿದ್ದು ನೆನಪಾಗಿ ನೆಲಕ್ಕೆ ಬೆರಳಿಟ್ಟೆ. ನೆಲ ಒಣಗಿತ್ತು, ಬೆರಳು ಓಡಲಿಲ್ಲ. ಆಗ ನನ್ನ ಕೈ ಟಾಕನ್ನು ಎತ್ತಿಕೊಂಡಿತು. ನಾನು ಎತ್ತಿಕೊಂಡೆ ಎನ್ನಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಕಾಗದದ ಎಡ ಮೂಲೆಯಿಂದ ಗೆರೆ ಹೊರಟಿತು. ಗೆರೆ ಎಳೆಯುತ್ತ ಕೂಸನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದರ ಎದೆ ಏಳುವುದು ಕಂಡಿತು. ಎದೆ ಎದ್ದಾಗ ಗೆರೆ ಎದ್ದಿತು, ಇಳಿದಾಗ ಇಳಿಯಿತು. ನನ್ನ ಉಸಿರೂ ಅದರ ಜೊತೆ ಸರಿಹೋಯಿತು. ಅಷ್ಟು ಹಾಯೆನಿಸಿದ್ದು ನನ್ನ ಜೀವನದಲ್ಲಿ ಕಡಿಮೆ. ಅಷ್ಟರಲ್ಲಿ ದೀಪದ ಬತ್ತಿ ಚಟ್ ಎಂದಿತು. ಬೆಚ್ಚಿಬಿದ್ದು ಕೈ ಎತ್ತಿದೆ, ಮಸಿ ತೊಟ್ಟಿಕ್ಕಿ ದೊಡ್ಡ ಚುಕ್ಕೆಯಾಯಿತು. ಆಗ ಕಣ್ಣು ಕೆಳಗೆ ಹಾಕಿ, ಯಾವ ಕಾಗದದ ಮೇಲೆ ಏನು ಮಾಡಿದ್ದೇನೆಂದು ನೋಡಿದೆ. ಏಳು ಡುಬ್ಬಗಳು. ಏಳನೆಯದು ಇಳಿಯುವಲ್ಲಿ ಚುಕ್ಕೆ. ಅದರ ಮುಂದೆ ಅರ್ಧ ಹಾಳೆ ಖಾಲಿ.

ಟಾಕನ್ನು ಮೊದಲು ಇದ್ದಲ್ಲೇ ಇಟ್ಟೆ. ಹಿತ್ತಲಿನಿಂದ ಬಂದ ಆಯಿ ಅವ್ವನನ್ನು ಮಲಗಿಸಿ, ನನಗೆ ಹಂಡೆಯಿಂದ ಬಿಸಿನೀರು ತಾ ಎಂದಳು. ತರಲು ಹೆಚ್ಚು ಹೊತ್ತೇ ಆಯಿತು, ಹಂಡೆಯ ಮುಂದೆ ನಿಂತುಬಿಟ್ಟಿದ್ದೆ. ಬಂದಾಗ ಅವ್ವನಿಗೆ ನಿದ್ದೆ ಹತ್ತಿತ್ತು, ಕಾಗದ ಮಡಚಿ ಗಂಟಾಗಿತ್ತು. ಆಯಿಯ ಬೆರಳಿಗೆ ಮಸಿ ಹತ್ತಿತ್ತು. ದೌತಿ ಮುಚ್ಚುವಾಗ ಹತ್ತಿರಬೇಕು ಅಂದುಕೊಂಡೆ. ಆಯಿ ಗಂಟನ್ನು ಗೂಡಿನೊಳಗೆ ನನ್ನ ಗಂಟಿನ ಪಕ್ಕ ಇಟ್ಟು, ನನ್ನ ಕಡೆ ನೋಡದೆ ಹಾಲು ಹಿಂಡಲು ಹೋದಳು.

ಏಳು ಡುಬ್ಬ ಎಂದರೆ ಏಳು ವರ್ಷ. ಇದನ್ನು ನನಗೆ ಯಾರೂ ಹೇಳಲಿಲ್ಲ. ಅವನಿಗೆ ವರ್ಷ ತುಂಬಿದ ದಿನ ಅವ್ವ ಹೋಳಿಗೆ ಮಾಡಿದಾಗ, ಒಂದು ಮುಗಿಯಿತು ಎಂದು ಎಲ್ಲಿಂದಲೋ ಹೊಳೆಯಿತು, ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದೆ. ಅಂದಿನಿಂದ ನಾನು ಅವನ ಕಾವಲಿಗೆ ನಿಂತೆ. ಬಾವಿಯ ಕಡೆ ಹೋಗಬಾರದು, ಮಾಳಿಗೆ ಹತ್ತಬಾರದು, ಎತ್ತಿನ ಹತ್ತಿರ ಸುಳಿಯಬಾರದು. ಎಲ್ಲಿಗೆ ಹೋದರೂ ಅವನ ಮಣಿಕಟ್ಟು ನನ್ನ ಮುಷ್ಟಿಯಲ್ಲಿ. ಅಲ್ಲಿ ಯಾವಾಗಲೂ ನನ್ನ ಬೆರಳಿನ ಕೆಂಪು ಗುರುತು ಇರುತ್ತಿತ್ತು. ಓಣಿಯ ಹೆಂಗಸರು ಅಕ್ಕ ಅಂದರೆ ಹೀಗಿರಬೇಕು ಎಂದು ಹೊಗಳಿದರು. ಏಳನೆಯ ಇಯತ್ತೆ ಮುಗಿದ ಮೇಲೆ ಅಪ್ಪ ನನ್ನನ್ನು ವಿಜಾಪುರದ ಸೋದರಮಾವನ ಮನೆಯಲ್ಲಿಟ್ಟು ಹೈಸ್ಕೂಲಿಗೆ ಹಾಕುತ್ತೇನೆಂದ. ಓದುವ ಹುಚ್ಚು ನನಗೆ ಎಷ್ಟಿತ್ತೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ನಾನು ಒಲ್ಲೆನೆಂದಾಗ ದಂಗಾದ. ನಾನು ಮೊದಲಿನಿಂದಲೂ ಹಟಮಾರಿ. ಎರಡು ದಿನ ಉಪವಾಸ ಕೂತು ಗೆದ್ದೆ. ಗೆದ್ದ ಮೇಲೆ ಹಿತ್ತಲಿಗೆ ಹೋಗಿ ಅತ್ತೆ.

ಆಯಿಯೂ ಬದಲಾಗಿದ್ದಳು. ನೆಲ ಸಾರಿಸಿ ನೆಟ್ಟಗೆ ಎದ್ದುಬಿಡುವಳು, ಬೀಸುವ ಕಲ್ಲಿನ ಹತ್ತಿರ ಬೆರಳಿಡುತ್ತಿರಲಿಲ್ಲ. ಮಂಗಳವಾರ ಒಪ್ಪತ್ತು ಹಿಡಿದಿದ್ದಳು. ವಯಸ್ಸಾಯಿತು, ಬೆನ್ನು ನೋಯುತ್ತಿರಬೇಕು ಅಂದುಕೊಂಡೆ. ನಾನೂ ಗೆರೆ ಬಿಟ್ಟಿದ್ದೆ. ನನ್ನ ಕೈ ಕಂಡರೆ ನನಗೇ ಅಂಜಿಕೆ ಬರುತ್ತಿತ್ತು. ಇನ್ನು ತಿಪ್ಪಣ್ಣ, ಹುಡುಗ ಬೆಳೆದ, ಆದರೆ ಬೆಕ್ಕಿಗೂ ಬೆದರುವ ಹಾಗೆ ಬೆಳೆದ. ಬಾಗಿಲು ಬಡಿದರೆ ನಡುಗುವನು. ಹುಡುಗರು ಆಟಕ್ಕೆ ಕರೆದರೆ ಮೊದಲು ನನ್ನ ಮುಖ ನೋಡುವನು. ಅದು ನನ್ನದೇ ಕೆಲಸ ಎಂದು ಆಗ ತಿಳಿಯಲಿಲ್ಲ.

ಅವನಿಗೆ ಏಳು ತುಂಬಲು ಎರಡು ತಿಂಗಳಿತ್ತು. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಒಂದು ಶನಿವಾರ ಅಪ್ಪ ಬಂದು, ಹುಡುಗ ಹೆಂಗಸರ ನಡುವೆ ಹೆದರುಪುಕ್ಕಲ ಆಗುತ್ತಿದ್ದಾನೆ, ಸೋಮವಾರ ಇವನನ್ನು ಮಮದಾಪುರಕ್ಕೆ ಕರೆದೊಯ್ಯುತ್ತೇನೆ, ನನ್ನ ಸಾಲಿಯಲ್ಲೇ ಕಲಿಯಲಿ ಎಂದ. ಕೆರೆ ತುಂಬಿ ಕೋಡಿ ಬಿದ್ದಿದೆ, ಈಜು ಕಲಿಸುತ್ತೇನೆ ಎಂದೂ ಹೇಳಿದ. ರೊಟ್ಟಿಗೆ ಶೇಂಗಾ ಹಿಂಡಿ ಬಡಿಸುತ್ತಿದ್ದ ನನ್ನ ಕೈ ತಾಟಿನ ಮೇಲೇ ನಿಂತಿತು. ಮಮದಾಪುರದ ಕೆರೆಯ ದೊಡ್ಡಸ್ತಿಕೆಯನ್ನು ಅಪ್ಪನ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೆ. ಏಳನೆಯ ಡುಬ್ಬ ಇಳಿಯುವುದು ಅಲ್ಲೇ ಎಂದು ನನಗೆ ಖಾತ್ರಿಯಾಯಿತು.

ಸೋಮವಾರ ಮುಂಜಾನೆ ಅಪ್ಪ ಜಾಗ ಹಿಡಿಯಲು ಮುಂದಾಗಿ ಬಸ್ಸು ನಿಲ್ಲುವ ಕಡೆ ಹೋದ. ಅವ್ವ ಅಡುಗೆಮನೆಯಲ್ಲಿ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ತಮ್ಮನನ್ನು ಕರೆತರುವುದು ನನ್ನ ಪಾಲಿಗೆ ಬಂದಿತ್ತು. ಎತ್ತು ಕಟ್ಟುವ ಜಾಗದ ಪಕ್ಕದಲ್ಲೇ ನಮ್ಮ ಹಗೇವು. ನೆಲದೊಳಗೆ ಆಳು ಮುಳುಗುವಷ್ಟು ಆಳಕ್ಕೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚುವ ಗುಂಡಿ. ಹಿಂದಿನ ದಿನವಷ್ಟೇ ಉಳಿದ ಜೋಳ ತೆಗೆದು ಖಾಲಿ ಮಾಡಿ, ಕಲ್ಲನ್ನು ಮತ್ತೆ ಎಳೆದಿದ್ದರು. ಬಸ್ಸು ಹೋಗುವವರೆಗೆ ಅವನನ್ನು ಅಲ್ಲಿ ಬಚ್ಚಿಡುವುದೆಂದು ನಿರ್ಧರಿಸಿದ್ದೆ. ಕಲ್ಲು ಸರಿಸಿದೆ. ಕಣ್ಣಾಮುಚ್ಚಾಲೆ ಎಂದು ಹೇಳಿ ಬಾವಿ ಹಗ್ಗವನ್ನು ಅವನ ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿದೆ. ಅವನು ತುಟಿ ಕಚ್ಚಿಕೊಂಡಿದ್ದ, ಅಳಲಿಲ್ಲ. ಕತ್ತಲೆಗಿಂತ ನನಗೆ ಹೆಚ್ಚು ಅಂಜುತ್ತಿದ್ದ. ಕಾಲೆರಡೂ ಒಳಗಿಳಿದಿದ್ದವು. ಸಾರಿಸುವ ಕೆಲಸ ಮುಗಿಸಿದ ಆಯಿ ಬುಟ್ಟಿ ಹಿಡಿದು ಹೊರಗೆ ಬಂದಳು.

ಆಯಿ ಬುಟ್ಟಿ ಬಿಸಾಕಿ, ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದು ಆಚೆ ಹಾಕಿದಳು. ಗೂಟದಲ್ಲಿದ್ದ ಕಂದೀಲು ಹಚ್ಚಿ, ಇನ್ನೊಂದು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಬಿಟ್ಟಳು. ನಾವು ಮೂವರೂ ಬಗ್ಗಿ ನೋಡಿದೆವು. ಎರಡು ಮೊಳ ಇಳಿಯುವವರೆಗೆ ಉರಿ ಚೆನ್ನಾಗಿತ್ತು. ಆಮೇಲೆ ಸಣ್ಣದಾಯಿತು, ಆರಿಹೋಯಿತು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ದೀಪ ಬಿಟ್ಟು ನೋಡದೆ ಯಾರೂ ಇಳಿಯಬಾರದು ಎಂದು ಆ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಅಂಜಿಕೆ ಅದನ್ನು ಮರೆಸಿತ್ತು. ಆಯಿ ನನ್ನ ಕೆನ್ನೆಗೆ ಒಂದು ಬಾರಿಸಿ, ರಟ್ಟೆ ಹಿಡಿದು ನಡುಮನೆಗೆ ಎಳೆದುಕೊಂಡು ಹೋದಳು.

"ಯಾಕ ಇಳಿಸಾಕತ್ತಿದ್ದಿ? ಖರೇ ಹೇಳು."

ಕೆರೆಯಿಂದ ಶುರುಮಾಡಿದೆ, ಏಳು ವರ್ಷ ಎಂದೆ, ಡುಬ್ಬ ಎಂದೆ. ಆಯಿಗೆ ಏನೂ ತಿಳಿಯಲಿಲ್ಲ. ಕೊನೆಗೆ ದೇವರ ಗೂಡಿನ ಕಡೆ ಕೈ ತೋರಿಸಿದೆ.

"ಸೆಟವಿ ಕಾಗದದ ಮ್ಯಾಲ ನಾ ಬರದೇನಿ, ಆಯಿ. ನೀವು ಹಿತ್ತಲಕ್ಕ ಹೋದಾಗ. ನಡುವ ಕೈ ಎತ್ತಿಬಿಟ್ಟೆ."

ಇನ್ನೊಂದು ಏಟಿಗೆ ಕಾದೆ. ಬೀಳಲಿಲ್ಲ. ಆಯಿ ಆಗಷ್ಟೇ ಸಾರಿಸಿದ ಹಸಿ ನೆಲದ ಮೇಲೇ ಕುಸಿದು ಕೂತಳು. ನೀ ಬರದಿ? ಎಂದು ಕೇಳಿದಳು. ಹೂಂ ಎಂದೆ. ಮತ್ತೆ ಕೇಳಿದಳು. ಮೂರನೆಯ ಸಲವೂ ಕೇಳಿದಳು. ಆಮೇಲೆ ಎದ್ದು ಕೈ ತೊಳೆದು, ಗೂಡಿನಿಂದ ಗಂಟು ತೆಗೆದು, ಯಾರೂ ನೋಡಬಾರದ ಆ ಕಾಗದವನ್ನು ಬೆಳಕಿಂಡಿಯ ಬಿಸಿಲಿಗೆ ಬಿಚ್ಚಿದಳು.

ನನ್ನ ಏಳು ಡುಬ್ಬ ಹಾಗೇ ಇದ್ದವು. ಚುಕ್ಕೆಯೂ ಇತ್ತು. ಚುಕ್ಕೆಯಿಂದ ಮತ್ತೊಂದು ಗೆರೆ ಹೊರಟಿತ್ತು. ದಪ್ಪ, ಸೊಟ್ಟ, ನಡುಗುವ ಗೆರೆ. ಎರಡು ಕಡೆ ಮೊನೆ ಒತ್ತಿ ಕಾಗದ ಹರಿದಿತ್ತು. ಅದು ಖಾಲಿ ಅರ್ಧವನ್ನೆಲ್ಲ ತುಂಬಿ ಅಂಚಿಗೆ ಹೋಗಿತ್ತು. ಕಾಗದ ಹೊರಳಿಸಿದೆ. ಹಿಂದಿನ ಮಗ್ಗುಲಲ್ಲೂ ಸುತ್ತಿ ಸುತ್ತಿ, ತನ್ನ ಮೇಲೇ ಹಾದು ಕೊನೆಯ ಮೂಲೆಯವರೆಗೆ ಹೋಗಿತ್ತು. ಬೆರಳ ತುದಿ ಇಡಲು ಜಾಗವಿರಲಿಲ್ಲ. ಆಯಿ ಜನ್ಮದಲ್ಲಿ ಟಾಕು ಹಿಡಿದವಳಲ್ಲ.

"ಮಡಚಾಕ ಎತ್ತಿಕೊಂಡಾಗ ಕಣ್ಣಿಗಿ ಬಿತ್ತು. ಸೆಟವಿ ನಡುವ ಕೈ ಎತ್ಯಾಳ, ಇವನೂ ಹೋದ ಅಂತ ತಿಳಕೊಂಡೆ. ಆಕಿ ಬಿಟ್ಟಲ್ಲಿಂದ ನಾ ಹಿಡಕೊಂಡೆ. ಏಳ ವರ್ಷ ಆತು ಬೇ, ದೇವರ ಬರಹಕ್ಕ ಕೈ ಹಚ್ಚೇನಿ, ಇದರ ಶಿಕ್ಷಾ ಯಾರಿಗಿ ಬರತೈತೋ ಅಂತ ಅಂಜಕೋತ ಕುಂತೇನಿ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದೇ ಮಾಳಿಗೆಯ ಕೆಳಗೆ, ಒಂದೇ ತಾಟಿನ ರೊಟ್ಟಿ ಮುರಿದುಕೊಂಡು, ಏಳು ವರ್ಷ ಇಬ್ಬರೂ ಒಂದೇ ಗೆರೆಗೆ ಅಂಜಿದ್ದೆವು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಹಾಗೆಂದು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಆಯಿಗೆ ಬೇರೊಂದು ಹೊಳೆಯಿತು.

"ಹಂಗಾರ ಆಕಿ ಏನ ಬರದಾಳ, ಗಂಗೂ?"

ನನಗೇನು ಗೊತ್ತು. ಆಯಿಗೂ ಗೊತ್ತಿರಲಿಲ್ಲ. ಇನ್ನು ಯಾವ ಕಾಗದ ಬಿಚ್ಚಿದರೂ ಗೊತ್ತಾಗುವಂಥದ್ದಲ್ಲ ಅದು. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು, ಅವ್ವ ಬುತ್ತಿ ಕಟ್ಟುತ್ತಿದ್ದಳು. ತಿಪ್ಪಣ್ಣ ನಡುಮನೆಯ ಬಾಗಿಲಲ್ಲಿ ನಿಂತಿದ್ದ. ಎದೆಗೆ ಸುತ್ತಿದ ಹಗ್ಗ ಹಾಗೇ ಇತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಹಗ್ಗ ಬಿಚ್ಚಿದೆ. ಮಣಿಕಟ್ಟು ಹಿಡಿದು ಬೀಸುವ ಕಲ್ಲಿನ ಹತ್ತಿರ ಕೂಡ್ರಿಸಿ, ಅವನ ಬೆರಳನ್ನು ಹಸಿ ನೆಲಕ್ಕಿಟ್ಟೆ.

"ಎತ್ತ ಹೋಗ್ತೈತಿ ಅತ್ತ ಹೋಗ್ಲಿ ಬಿಡು, ತಿಪ್ಯಾ. ಕೈ ಒಂದ ಎತ್ತಬ್ಯಾಡ."

ಬೆರಳು ಅಲುಗಲಿಲ್ಲ. ಯಾಕೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು; ನಾನು ಅವನ ಮಣಿಕಟ್ಟು ಬಿಟ್ಟಿರಲಿಲ್ಲ. ಬಿಟ್ಟೆ. ಗೆರೆ ಹೊರಟಿತು. ಮೊದಲು ಮೊಟಕಾಗಿ, ಆಮೇಲೆ ಉದ್ದಕ್ಕೆ, ತಿರುಗಿ, ಆಯಿಯ ಸೀರೆಯ ನೆರಿಗೆಯವರೆಗೆ ಹೋಗಿ, ಮತ್ತೆ ಬಾಗಿಲ ಕಡೆ ಹೊರಳಿತು. ಹಲ್ಲಿನ ಸದ್ದು ನಿಂತಿತು. ಅವನು ಅಂಬೆಗಾಲಿನಲ್ಲಿ ಗೆರೆ ಎಳೆಯುತ್ತ ಹೊಸ್ತಿಲವರೆಗೆ ಹೋಗಿ, ಅಲ್ಲಿ ಎದ್ದು ಸಗಣಿ ಬೆರಳನ್ನು ಚಡ್ಡಿಗೆ ಒರೆಸಿಕೊಂಡ. ಆಯಿಗೂ ನನಗೂ ಅವನನ್ನು ತಡೆಯುವ ಆಸೆ ಇತ್ತು. ಇಬ್ಬರೂ ಕೈ ಮುಂದೆ ಮಾಡಲಿಲ್ಲ. ಅವ್ವ ಬುತ್ತಿಯ ಗಂಟನ್ನು ಅವನ ಕೈಗಿಟ್ಟಳು. ಅಕ್ಕಾ, ನಾ ಒಬ್ಬನ ಹೋಗ್ತೇನಿ ಎಂದು ಓಣಿಯಲ್ಲಿ ಓಡಿದ. ಬಸ್ಸಿನ ಸದ್ದು ವಿಜಾಪುರದ ದಾರಿಯಲ್ಲಿ ಅಡಗುವವರೆಗೆ ನಾವು ಬಾಗಿಲಲ್ಲಿ ನಿಂತಿದ್ದೆವು.

ಗುರುವಾರ ಆಯಿ ನೆಲ ಸಾರಿಸುವಾಗ ಆ ಗೆರೆಯಿದ್ದ ಜಾಗವನ್ನಷ್ಟೇ ಬಿಟ್ಟಳು. ಅವ್ವ ಯಾಕೆಂದು ಕೇಳಿದರೆ ಸಗಣಿ ಸಾಲಲಿಲ್ಲ ಎಂದಳು. ಐದು ದಿನ ನಾವಿಬ್ಬರೂ ಅದನ್ನು ತುಳಿಯದೆ ದಾಟಿಕೊಂಡು ಓಡಾಡಿದೆವು. ಶನಿವಾರ ಸಂಜೆ ತಿಪ್ಪಣ್ಣ ಅಪ್ಪನ ಹಿಂದೆ, ಕೆರೆಯ ಕೆಸರು ಮೆತ್ತಿದ ಚಡ್ಡಿಯಲ್ಲಿ, ಹೊಸ್ತಿಲು ದಾಟಿ ಒಳಗೆ ಬಂದ. ಅವ್ವ ಕೈಕಾಲಿಗೆ ನೀರು ಕೊಡುವುದರೊಳಗೆ ಆಯಿ ಬುಟ್ಟಿ ತಂದು, ಸಾರಿಸುವ ದಿನವಲ್ಲದಿದ್ದರೂ ಕೂತು, ಆ ಜಾಗವನ್ನು ಸಾರಿಸಿಬಿಟ್ಟಳು.